ಪೋಲೆಂಡ್‌ಗೂ ಸಾಲ, ಭಾರತಕ್ಕೂ ಸಾಲ: ಒಂದು ಯುದ್ಧನೌಕೆಯ ಮೂರು ಹೆಸರು

ಫ್ರೆಂಡ್ ಹತ್ರ ಬೈಕ್ ಸಾಲ ತಗೊಂಡಿರ್ತೀರಿ, ಚಾರ್ಜರ್ ತಗೊಂಡಿರ್ತೀರಿ. ಯಾವತ್ತಾದ್ರೂ ಯುದ್ಧನೌಕೆ ಸಾಲ ಕೊಡೋದರ ಬಗ್ಗೆ ಕೇಳಿದ್ದೀರಾ? ಫಿರಂಗಿ, ಎಂಜಿನ್, ಅಡುಗೆಮನೆ ಎಲ್ಲ ಸೇರಿಸಿ ಇಡೀ ಹಡಗನ್ನು ಒಂದು ದೇಶ ಇನ್ನೊಂದು ದೇಶಕ್ಕೆ "ತಗೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಕೊಡಿ" ಅಂತ ಕೊಡೋದು. ಎರಡನೇ ಮಹಾಯುದ್ಧದಲ್ಲಿ ಇದು ಒಂದೆರಡು ಸಲ ಅಲ್ಲ, ನೂರಾರು ಹಡಗುಗಳ ವಿಷಯದಲ್ಲಿ ನಡೆಯಿತು.

ಇವತ್ತು ನಾನು ಹೇಳೋಕೆ ಹೊರಟಿರೋದು ಅಂಥ ಒಂದೇ ಹಡಗಿನ ಕತೆ. ದೊಡ್ಡ ಹಡಗೇನಲ್ಲ. ಉದ್ದ ಸುಮಾರು 85 ಮೀಟರ್, ತೂಕ ಸಾವಿರ ಟನ್‌ಗಿಂತ ಸ್ವಲ್ಪ ಜಾಸ್ತಿ. ಕಟ್ಟಿದ್ದು ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ. ಬ್ರಿಟಿಷರು ಅದಕ್ಕೆ ಇಟ್ಟ ಹೆಸರು ಬೀಡೇಲ್. ಆದರೆ ಯುದ್ಧದ ಉದ್ದಕ್ಕೂ ಅದು ಆ ಹೆಸರಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ. 1942ರಲ್ಲಿ ಕೆಲಸಕ್ಕೆ ಇಳಿಯುವಾಗಲೇ ಅದು ಪೋಲೆಂಡಿನ ನೌಕಾಪಡೆಯ ಹಡಗು, ಹೆಸರು ಶ್ಲೋನ್‌ಜಾಕ್. ಹತ್ತು ಹನ್ನೊಂದು ವರ್ಷ ಕಳೆದ ಮೇಲೆ ಅದೇ ಹಡಗು ನಮ್ಮ ಐಎನ್‌ಎಸ್ ಗೋದಾವರಿ. ಎರಡು ಸಲವೂ ಸಾಲ.

ಸಾಲ ಯಾಕೆ ಅನ್ನೋದಕ್ಕೆ ಮೊದಲು ಪೋಲೆಂಡಿನ ಪರಿಸ್ಥಿತಿ ನೋಡೋಣ.

1939ರ ಆಗಸ್ಟ್ ಕೊನೆ. ಜರ್ಮನಿ ಯಾವ ಗಳಿಗೆಯಲ್ಲಾದರೂ ಮೇಲೆ ಬೀಳುತ್ತೆ ಅಂತ ಪೋಲೆಂಡಿಗೆ ಗೊತ್ತಿತ್ತು. ಅದರ ಕರಾವಳಿ ಬಾಲ್ಟಿಕ್ ಸಮುದ್ರದಲ್ಲಿ ಒಂದು ಸಣ್ಣ ತುಂಡು, ಎರಡೂ ಪಕ್ಕ ಜರ್ಮನ್ ನೆಲ. ಅಲ್ಲಿ ನಿಂತರೆ ಹಡಗುಗಳು ಬಂದರಿನಲ್ಲೇ ಸುಟ್ಟು ಹೋಗ್ತವೆ. ಹಾಗಾಗಿ ಆಗಸ್ಟ್ 30ರಂದು ಮೂರು ಡಿಸ್ಟ್ರಾಯರ್‌ಗಳಿಗೆ ಹೊರಡಲು ಆದೇಶ ಬಂತು. ಬ್ವಿಸ್ಕಾವಿತ್ಸಾ, ಗ್ರೋಮ್, ಬುಝಾ. ಮಿಂಚು, ಗುಡುಗು, ಬಿರುಗಾಳಿ ಅಂತ ಅರ್ಥ. ಒಳ್ಳೆ ಹೆಸರುಗಳು, ಅಲ್ವಾ? ಈ ಯೋಜನೆಯ ಗುಪ್ತನಾಮ ಮಾತ್ರ ಪೀಕಿಂಗ್. ಚೀನಾಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಸೆಪ್ಟೆಂಬರ್ 1ರಂದು ಜರ್ಮನಿ ದಾಳಿ ಶುರು ಮಾಡಿದಾಗ ಈ ಮೂರೂ ಆಗಲೇ ಉತ್ತರ ಸಮುದ್ರದಲ್ಲಿದ್ದವು. ಅದೇ ದಿನ ಸ್ಕಾಟ್ಲೆಂಡಿನ ಲೀತ್ ಬಂದರು ಸೇರಿದವು. ಊರು ಬಿಟ್ಟು ಎರಡೇ ದಿನ. ಇನ್ನೊಂದು ತಿಂಗಳಲ್ಲಿ ಅವರ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ಪಶ್ಚಿಮದಿಂದ ಜರ್ಮನಿ, ಪೂರ್ವದಿಂದ ಸೋವಿಯತ್ ಒಕ್ಕೂಟ, ಇಬ್ಬರೂ ಹಂಚಿಕೊಂಡಿದ್ದರು. ಪೋಲೆಂಡಿನ ಸರ್ಕಾರ ಮೊದಲು ಫ್ರಾನ್ಸಿಗೆ, 1940ರಲ್ಲಿ ಫ್ರಾನ್ಸೂ ಬಿದ್ದ ಮೇಲೆ ಲಂಡನ್ನಿಗೆ ಹೋಯಿತು. ಸರ್ಕಾರ ಇದೆ, ನಾವಿಕರಿದ್ದಾರೆ, ಬಂದರು ಮಾತ್ರ ಇಲ್ಲ.

ಬ್ರಿಟನ್ನಿನ ತೊಂದರೆ ಇದರ ಉಲ್ಟಾ. ಅವರ ಹಡಗು ಕಟ್ಟೆಗಳಲ್ಲಿ ಹೊಸ ಹಡಗುಗಳು ಒಂದರ ಹಿಂದೆ ಒಂದು ನೀರಿಗಿಳೀತಾ ಇದ್ದವು. ಅವುಗಳನ್ನು ನಡೆಸೋ ತರಬೇತಿ ಪಡೆದ ಜನ ಸಾಲ್ತಿರಲಿಲ್ಲ. ಹಡಗನ್ನು ಒಂದೂವರೆ ವರ್ಷದಲ್ಲಿ ಕಟ್ಟಬಹುದು. ಒಬ್ಬ ಒಳ್ಳೆ ಎಂಜಿನ್ ರೂಮ್ ಅಧಿಕಾರಿಯನ್ನು ಅಷ್ಟು ಬೇಗ ತಯಾರು ಮಾಡೋಕಾಗಲ್ಲ. ಹಾಗಾಗಿ ಈ ಸಾಲದಲ್ಲಿ ಯಾರು ಯಾರಿಗೆ ಉಪಕಾರ ಮಾಡಿದ್ರು ಅಂತ ಕೇಳಿದರೆ, ನನ್ನ ಲೆಕ್ಕದಲ್ಲಿ ಇಬ್ಬರೂ ಸಮ. ಇದನ್ನು ಬ್ರಿಟನ್ನಿನ ದಾನ ಅಂತ ಬರೆಯೋರನ್ನ ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತೆ.

ಇಲ್ಲೊಂದು ವ್ಯತ್ಯಾಸ ಹೇಳಿಬಿಡ್ತೀನಿ. ಹಡಗು ಸಾಲ ಅಂದ ತಕ್ಷಣ ತುಂಬಾ ಜನಕ್ಕೆ ನೆನಪಾಗೋದು ಅಮೆರಿಕದ ಲೆಂಡ್-ಲೀಸ್ ಕಾಯ್ದೆ. ಅದು 1941ರ ಮಾರ್ಚ್‌ನಲ್ಲಿ ಬಂದಿದ್ದು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಿಮ್ಮ ತೋಟದ ಪೈಪ್ ಕೊಡುವ ಮೊದಲು ದುಡ್ಡು ಎಣಿಸ್ತೀರಾ ಅನ್ನೋ ಅರ್ಥದಲ್ಲಿ ರೂಸ್‌ವೆಲ್ಟ್ ಪತ್ರಕರ್ತರಿಗೆ ಅದನ್ನು ವಿವರಿಸಿದ್ದರು. ನಮ್ಮ ಕತೆಯ ಹಡಗು ಆ ಲೆಕ್ಕಕ್ಕೆ ಬರೋದಿಲ್ಲ. ಬ್ರಿಟನ್ ಮತ್ತು ಪೋಲೆಂಡ್ ನಡುವೆ 1939ರ ನವೆಂಬರ್ 18ರಂದೇ ಪ್ರತ್ಯೇಕ ನೌಕಾ ಒಪ್ಪಂದ ಆಗಿತ್ತು. ಅದರ ಸಾರ ಇಷ್ಟು: ಪೋಲಿಷ್ ಹಡಗುಗಳು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅನ್ನೋದನ್ನು ಬ್ರಿಟಿಷ್ ನೌಕಾಪಡೆ ಹೇಳುತ್ತೆ. ಆದರೆ ಹಡಗಿನ ಒಳಗೆ ಧ್ವಜ ಪೋಲೆಂಡಿನದು, ಅಧಿಕಾರಿಗಳು ಪೋಲಿಷರು, ಶಿಸ್ತಿನ ನಿಯಮಗಳೂ ಅವರವೇ. ಸಂದೇಶಗಳ ಗೊಂದಲ ಆಗಬಾರದು ಅಂತ ಒಬ್ಬ ಬ್ರಿಟಿಷ್ ಸಂಪರ್ಕಾಧಿಕಾರಿ, ಕೆಲವು ಸಿಗ್ನಲ್‌ನವರು ಜೊತೆಗಿರ್ತಿದ್ದರು.

ಇದು ಸಣ್ಣ ವಿಷಯ ಅನ್ನಿಸಬಹುದು. ಸ್ವಲ್ಪ ಯೋಚನೆ ಮಾಡಿ. ಯುದ್ಧನೌಕೆಯ ಮೇಲೆ ನಡೆಯೋದು ಅದು ಯಾವ ದೇಶದ ಧ್ವಜ ಹಾರಿಸುತ್ತೋ ಆ ದೇಶದ ಕಾನೂನು. ವಾರ್ಸಾದಲ್ಲಿ ಆಗ ನಡೀತಿದ್ದಿದ್ದು ಜರ್ಮನ್ ಆಡಳಿತ. ಪೋಲೆಂಡಿನ ಕಾನೂನು ನಡೀತಿದ್ದ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ 85 ಮೀಟರ್ ಉದ್ದದ ಈ ಡೆಕ್ ಕೂಡ ಒಂದು. ಆ ಡೆಕ್ಕೂ ಬೇರೆಯವರ ಕಬ್ಬಿಣ.

ಈಗ ಹಡಗಿನ ವಿಷಯಕ್ಕೆ ಬರೋಣ. ಇದು ಹಂಟ್ ವರ್ಗದ ಬೆಂಗಾವಲು ಡಿಸ್ಟ್ರಾಯರ್. ಹಂಟ್ ಅಂದರೆ ಬೇಟೆ. ಇಂಗ್ಲೆಂಡಿನಲ್ಲಿ ಕುದುರೆ ಹತ್ತಿ, ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡೋ ಸಂಘಗಳಿದ್ದವಲ್ಲ, ಆ ಸಂಘಗಳ ಹೆಸರನ್ನು ಈ ಹಡಗುಗಳಿಗೆ ಇಟ್ಟರು. ಬೀಡೇಲ್ ಅನ್ನೋದು ಯಾರ್ಕ್‌ಶೈರ್‌ನ ಒಂದು ಊರು, ಅಲ್ಲಿನ ಬೇಟೆ ಸಂಘದ ಹೆಸರು. ಒಟ್ಟು 86 ಹಂಟ್‌ಗಳನ್ನು ಕಟ್ಟಿದರು.

ಬೆಂಗಾವಲು ಹಡಗಿನ ಕೆಲಸ ಏನು? ಸರಕು ಹಡಗುಗಳು ಗುಂಪಾಗಿ ಹೋಗುವಾಗ ಅವುಗಳ ಸುತ್ತ ಕುರಿಮಂದೆ ಕಾಯೋ ನಾಯಿ ಥರ ಓಡಾಡೋದು. ನೀರಿನ ಒಳಗೆ ಶಬ್ದದ ಅಲೆ ಕಳಿಸಿ ಸಬ್‌ಮರೀನ್ ಇದೆಯಾ ಅಂತ ಕೇಳಿಸಿಕೊಳ್ಳೋದು, ಇದ್ದರೆ ಡೆಪ್ತ್ ಚಾರ್ಜ್ ಅನ್ನೋ ಬಾಂಬಿನ ಡ್ರಮ್ಮುಗಳನ್ನು ನೀರಿಗೆ ಉರುಳಿಸೋದು. ವಿಮಾನ ಬಂದರೆ ಫಿರಂಗಿಗಳನ್ನು ಆಕಾಶಕ್ಕೆ ತಿರುಗಿಸೋದು. ದೊಡ್ಡ ಯುದ್ಧನೌಕೆಗಳ ಜೊತೆ ಮುಖಾಮುಖಿ ಹೊಡೆದಾಡೋದು ಇದರ ಕೆಲಸವೇ ಅಲ್ಲ.

ಇದರ ವಿನ್ಯಾಸದಲ್ಲಿ ಒಂದು ಮಜವಾದ ಎಡವಟ್ಟು ಆಗಿತ್ತು. ಮೂಲ ಯೋಜನೆ ಪ್ರಕಾರ ಹಡಗಿನ ಮೇಲೆ ಜೋಡಿ ಫಿರಂಗಿಗಳ ಮೂರು ಸೆಟ್ ಇರಬೇಕಿತ್ತು, ಅಂದರೆ ಆರು ಫಿರಂಗಿ. 1940ರ ಆರಂಭದಲ್ಲಿ ಮೊದಲ ಹಡಗು ಆಥರ್‌ಸ್ಟೋನ್ ಸಿದ್ಧವಾದಾಗ ಅದು ಎಷ್ಟು ಸ್ಥಿರವಾಗಿ ನಿಲ್ಲುತ್ತೆ ಅಂತ ಪರೀಕ್ಷೆ ಮಾಡಿದರು. ಲೆಕ್ಕದಲ್ಲಿ ತಪ್ಪಾಗಿರೋದು ಆಗ ಗೊತ್ತಾಯ್ತು. ಮೇಲ್ಭಾಗದ ಭಾರ ಜಾಸ್ತಿ. ಜೋರಾದ ಅಲೆಗೆ ಹಡಗು ಮಗುಚೋ ಅಪಾಯ. ಯುದ್ಧ ಆಗಲೇ ಶುರುವಾಗಿದೆ, ಕಟ್ಟೆಗಳಲ್ಲಿ ಹತ್ತಾರು ಹಡಗು ಅರ್ಧಂಬರ್ಧ ನಿಂತಿವೆ. ಏನ್ ಮಾಡೋದು? ಮೊದಲ ಕಂತಿನ ಹಡಗುಗಳಿಂದ ಒಂದು ಸೆಟ್ ಫಿರಂಗಿ ಕಿತ್ತುಹಾಕಿದರು. ಎರಡನೇ ಕಂತಿನವನ್ನು ಸ್ವಲ್ಪ ಅಗಲ ಮಾಡಿ ಮೂರು ಸೆಟ್ ಉಳಿಸಿಕೊಂಡರು. ನಮ್ಮ ಹಡಗು ಎರಡನೇ ಕಂತಿನದು, ಆರೂ ಫಿರಂಗಿ ಇದ್ದ ಅದೃಷ್ಟಶಾಲಿ.

ಇನ್ನೊಂದು ಮಿತಿ ಹಾಗೇ ಉಳೀತು. ಈ ಹಡಗುಗಳು ತುಂಬಿಸಿಕೊಳ್ಳೋ ಇಂಧನ ಕಡಿಮೆ. ಅಟ್ಲಾಂಟಿಕ್ ದಾಟೋ ದೀರ್ಘ ಪ್ರಯಾಣಕ್ಕೆ ಇವು ಆಗಿಬರಲ್ಲ. ಹಾಗಾಗಿ ಉತ್ತರ ಸಮುದ್ರ, ಇಂಗ್ಲಿಷ್ ಕಡಲ್ಗಾಲುವೆ, ಮೆಡಿಟರೇನಿಯನ್ ಇವೇ ಹಂಟ್‌ಗಳ ಬಯಲು. ದಡ ಹತ್ತಿರ, ಜರ್ಮನ್ ವಿಮಾನ ನೆಲೆಗಳು ಇನ್ನೂ ಹತ್ತಿರ.

ಬ್ರಿಟನ್ ಇಂಥ ಹಂಟ್‌ಗಳನ್ನು ಪೋಲೆಂಡಿಗಷ್ಟೇ ಕೊಡಲಿಲ್ಲ. ನಾರ್ವೆಗೆ, ಗ್ರೀಸಿಗೆ, ಸ್ವತಂತ್ರ ಫ್ರೆಂಚರಿಗೆ, ಅಂದರೆ ನೆಲ ಕಳಕೊಂಡ ಬೇರೆ ಮಿತ್ರರಿಗೂ ಕೊಟ್ಟಿತು. ಫ್ರೆಂಚರಿಗೆ ಕೊಟ್ಟ ಲಾ ಕಾಂಬಟಾಂಟ್ ಅನ್ನೋ ಹಂಟ್‌ನಲ್ಲೇ ಡಿ ಗಾಲ್ 1944ರ ಜೂನ್‌ನಲ್ಲಿ ನಾಲ್ಕು ವರ್ಷದ ನಂತರ ಫ್ರಾನ್ಸಿನ ನೆಲಕ್ಕೆ ಹೋಗಿ ಇಳಿದಿದ್ದು. ಗ್ರೀಕರ ಆಡ್ರಿಯಾಸ್ ಅನ್ನೋ ಹಂಟ್ 1943ರಲ್ಲಿ ಮೈನ್‌ಗೆ ಸಿಕ್ಕಿ ಮುಂಭಾಗ ಪೂರ್ತಿ ಕಿತ್ತುಹೋಯಿತು. ಮೂಗಿಲ್ಲದ ಆ ಹಡಗನ್ನು ಟರ್ಕಿ ದಡದಲ್ಲಿ ತೇಪೆ ಹಾಕಿ ಅಲೆಕ್ಸಾಂಡ್ರಿಯಾವರೆಗೆ ಓಡಿಸಿಕೊಂಡು ಬಂದರು. ಅದರ ಫೋಟೋ ಹುಡುಕಿ ನೋಡಿ, ನಂಬೋಕೇ ಆಗಲ್ಲ.

ಪೋಲೆಂಡಿಗೆ ಸಿಕ್ಕ ಹಂಟ್‌ಗಳು ಮೂರು. ಕ್ರಾಕೋವ್ಯಾಕ್, ಕುಯಾವ್ಯಾಕ್, ಶ್ಲೋನ್‌ಜಾಕ್. ಹೆಸರುಗಳ ಅರ್ಥ ಕ್ರಾಕೋವ್‌ನವನು, ಕುಯಾವಿಯದವನು, ಸೈಲೀಸಿಯದವನು. ನಮ್ಮಲ್ಲಿ ಮಲೆನಾಡಿನವನು, ಬಯಲುಸೀಮೆಯವನು ಅಂತ ಹಡಗಿಗೆ ಹೆಸರಿಟ್ಟ ಹಾಗೆ. ಹೋಗೋಕಾಗದ ಊರುಗಳ ಹೆಸರನ್ನು ಹಡಗಿನ ಪಕ್ಕೆ ಮೇಲೆ ಬರ್ಕೊಂಡ್ರು. ಇವುಗಳಲ್ಲಿ ಕುಯಾವ್ಯಾಕ್ 1942ರ ಜೂನ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಹೊರಟ ಬೆಂಗಾವಲಿನಲ್ಲಿ, ಬಂದರಿನ ಬಾಗಿಲಲ್ಲೇ ಮೈನ್‌ಗೆ ಬಡಿದು ಮುಳುಗಿತು.

ಶ್ಲೋನ್‌ಜಾಕ್‌ನ ಮೊದಲ ದೊಡ್ಡ ಪರೀಕ್ಷೆ ಎರಡು ತಿಂಗಳ ನಂತರ, 1942ರ ಆಗಸ್ಟ್ 19ರಂದು. ಜಾಗ ಫ್ರಾನ್ಸಿನ ಡಿಯೆಪ್.

ಡಿಯೆಪ್ ದಾಳಿ ಬಗ್ಗೆ ಕೇಳಿರಬಹುದು. ಜರ್ಮನರ ವಶದಲ್ಲಿದ್ದ ಬಂದರಿಗೆ ಸುಮಾರು 6,000 ಜನರನ್ನು ಇಳಿಸಿ, ಕೆಲವು ಗಂಟೆ ಹಿಡಿದಿಟ್ಟುಕೊಂಡು ವಾಪಸ್ ಬರೋ ಯೋಜನೆ. ಅವರಲ್ಲಿ ಸುಮಾರು 5,000 ಜನ ಕೆನಡಾದವರು. ಶ್ಲೋನ್‌ಜಾಕ್ ಮತ್ತು ಬ್ರಾಕಲ್ಸ್‌ಬಿ ಅನ್ನೋ ಇನ್ನೊಂದು ಹಂಟ್‌ಗೆ ಪೂರ್ವದ ಪಕ್ಕ ಕಾಯೋ ಕೆಲಸ ಕೊಟ್ಟಿದ್ದರು. ಇಬ್ಬರಲ್ಲಿ ಹಿರಿಯ ಅಧಿಕಾರಿ ಶ್ಲೋನ್‌ಜಾಕ್‌ನ ಕ್ಯಾಪ್ಟನ್ ರೊಮುವಾಲ್ಡ್ ನವೆಂಚ್-ತಿಮಿನ್ಸ್ಕಿ.

ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು, ಕತ್ತಲಲ್ಲಿ, ದಡದ ಕಡೆ ಹೊರಟಿದ್ದ ಬ್ರಿಟಿಷ್ ಕಮಾಂಡೋಗಳ ದೋಣಿಗಳ ಗುಂಪು ಆಕಸ್ಮಿಕವಾಗಿ ಜರ್ಮನ್ ಸರಕು ಹಡಗುಗಳ ಗುಂಪಿಗೆ ಎದುರಾಯ್ತು. ಗುಂಡಿನ ಸುರಿಮಳೆ. ಶ್ಲೋನ್‌ಜಾಕ್ ಇದ್ದಿದ್ದು ಕೆಲವೇ ಮೈಲಿ ದೂರದಲ್ಲಿ. ಬೆಳಕು ಕಾಣ್ತಿತ್ತು, ಸದ್ದು ಕೇಳ್ತಿತ್ತು. ಆದರೆ ಆ ಗುಂಡುಗಳು ದಡದಿಂದ ಬರ್ತಿವೆ ಅಂತ ತಿಮಿನ್ಸ್ಕಿ ಭಾವಿಸಿದರು. ತಮ್ಮ ಗಸ್ತಿನ ಹಾದಿ ಬಿಟ್ಟು ಅತ್ತ ತಿರುಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಚೆಲ್ಲಾಪಿಲ್ಲಿಯಾದವು, ದಡ ಮುಟ್ಟಿದ್ದು ಏಳೇ ಏಳು. ಅದರಲ್ಲೊಂದು ದೋಣಿಯಲ್ಲಿದ್ದ ಪೀಟರ್ ಯಂಗ್ ಅನ್ನೋ ಮೇಜರ್ ಹದಿನೆಂಟು ಜನರನ್ನು ಕಟ್ಟಿಕೊಂಡು ಬಂಡೆ ಹತ್ತಿ, ಒಂದು ಇಡೀ ಫಿರಂಗಿ ದಳವನ್ನು ರೈಫಲ್‌ಗಳಿಂದಲೇ ಹಲವು ಹೊತ್ತು ಕಂಗೆಡಿಸಿದರು. ಅದು ಬೇರೆಯದೇ ಕತೆ, ಇನ್ನೊಂದು ದಿನ ಹೇಳಬೇಕು.

ತಿಮಿನ್ಸ್ಕಿ ನಿರ್ಧಾರದ ಬಗ್ಗೆ ಅಂದಿನಿಂದ ಇಂದಿನವರೆಗೂ ಟೀಕೆ ಇದೆ. ನನಗನ್ನಿಸೋದು ಹೇಳ್ತೀನಿ. ಕತ್ತಲಲ್ಲಿ ಆದೇಶದ ಗೆರೆ ಬಿಟ್ಟು ಹೋಗೋದು ಸುಲಭದ ನಿರ್ಧಾರ ಅಲ್ಲ, ನಿಜ. ಆದರೂ ಬೆಂಗಾವಲಿನ ಹಡಗು ಇರೋದೇ ಇಂಥ ಗಳಿಗೆಗೆ. ಹೋಗಿ ನೋಡಬೇಕಿತ್ತು. ಪೋಲಿಷ್ ಹಡಗುಗಳ ಬಗ್ಗೆ ಬರೆಯೋ ಕೆಲವರು ಈ ಭಾಗವನ್ನು ಹಾರಿಸಿಬಿಡ್ತಾರೆ, ಅದು ನನಗೆ ಇಷ್ಟ ಆಗಲ್ಲ.

ಯಾಕಂದ್ರೆ ಅದೇ ಹಡಗು, ಅದೇ ಕ್ಯಾಪ್ಟನ್, ಅದೇ ದಿನ ಮುಂದೆ ಮಾಡಿದ್ದನ್ನೂ ಹೇಳಬೇಕಲ್ಲ. ಬೆಳಕು ಹರಿಯೋ ಹೊತ್ತಿಗೆ ದಡ ಕಟುಕರ ಅಂಗಡಿಯಾಗಿತ್ತು. ಶ್ಲೋನ್‌ಜಾಕ್ ದಡದ ಹತ್ತಿರ ಹೋಗಿ ನೀರಿನಿಂದ, ಒಡೆದ ದೋಣಿಗಳಿಂದ ಹತ್ತಾರು ಕೆನಡಾ ಸೈನಿಕರನ್ನು ಮೇಲಕ್ಕೆಳೆದುಕೊಂಡಿತು. ಮೇಲಿಂದ ಜರ್ಮನ್ ವಿಮಾನಗಳು ಬಿಡದೆ ಎರಗ್ತಿದ್ದವು. ಜೊತೆಗಿದ್ದ ಬರ್ಕ್‌ಲಿ ಅನ್ನೋ ಹಂಟ್ ಬಾಂಬಿಗೆ ಸಿಕ್ಕಿ ಹೋಯಿತು. ಶ್ಲೋನ್‌ಜಾಕ್‌ನ ಫಿರಂಗಿಗಳು ವಿಮಾನಗಳನ್ನು ಹೊಡೆದುರುಳಿಸಿದವು. ಆ ಒಂದು ಬೆಳಗ್ಗೆಗೆ ಕೆನಡಾ ತೆತ್ತಿದ್ದು 907 ಪ್ರಾಣ.

ಆಮೇಲಿನ ಎರಡು ವರ್ಷವನ್ನು ಬೇಗ ಹೇಳಿ ಮುಗಿಸ್ತೀನಿ. 1943ರ ಜುಲೈನಲ್ಲಿ ಸಿಸಿಲಿಯಲ್ಲಿ ಸೇನೆ ಇಳಿದಾಗ ಶ್ಲೋನ್‌ಜಾಕ್ ಅಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೋದಲ್ಲಿತ್ತು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ, ಸೋರ್ಡ್ ಅಂತ ಕರೀತಿದ್ದ ದಡದ ಎದುರು ನಿಂತು, ಅಲ್ಲಿಳಿದ ಬ್ರಿಟಿಷ್ ಮರೀನ್ ಕಮಾಂಡೋಗಳಿಗೆ ಆರು ಫಿರಂಗಿಗಳಿಂದ ಬೆಂಬಲ ಕೊಟ್ಟಿತು. ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಬೆಂಗಾವಲು ಪ್ರಯಾಣಗಳು. ಏನೂ ಆಗದೆ ಸರಕು ಬಂದರು ಸೇರಿದರೆ ಅದೇ ಯಶಸ್ಸು. ಏನೂ ಆಗಲಿಲ್ಲ ಅಂತ ಯಾರೂ ಪುಸ್ತಕ ಬರೆಯಲ್ಲ.

1945. ಯುದ್ಧ ಗೆದ್ದಾಯ್ತು. ಸಾಲದ ನಿಯಮ ಏನು? ಕೆಲಸ ಮುಗಿದ ಮೇಲೆ ವಾಪಸ್. ಹಡಗಿಗೆ ವಾಪಸ್ ಹೋಗೋಕೆ ಮನೆ ಇತ್ತು. ಅದರೊಳಗಿದ್ದ ಜನಕ್ಕೆ?

ಆ ವರ್ಷದ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂತು ಪೋಲೆಂಡಿನ ಗಡಿ ಬದಲಾಯಿಸಿದರು. ಯುದ್ಧದ ಮೊದಲಿದ್ದ ಪೋಲೆಂಡಿನ ಹತ್ತಿರ ಹತ್ತಿರ ಅರ್ಧ ಭಾಗ, ಪೂರ್ವದ್ದು, ಸೋವಿಯತ್ ಪಾಲಾಯ್ತು. ಅದಕ್ಕೆ ಬದಲು ಜರ್ಮನಿಯಿಂದ ಕಿತ್ತ ನೆಲ ಪೋಲೆಂಡಿಗೆ ಬಂತು. ತಮಾಷೆ ನೋಡಿ, ಹಾಗೆ ಬಂದ ನೆಲದಲ್ಲಿ ಸೈಲೀಸಿಯಾದ ಬಹುಭಾಗವೂ ಇತ್ತು. ಹಡಗಿನ ಪಕ್ಕೆ ಮೇಲಿದ್ದ ಹೆಸರಿನ ಊರು ಸಿಕ್ಕಿತು, ಆದರೆ ಅಲ್ಲಿ ಸ್ಟಾಲಿನ್ ಬೆಂಬಲದ ಸರ್ಕಾರ ಕೂತಿತ್ತು.

1945ರ ಜುಲೈ 5ರಂದು ಬ್ರಿಟನ್ ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ವಾಪಸ್ ತಗೊಂಡು, ವಾರ್ಸಾದ ಹೊಸ ಸರ್ಕಾರವನ್ನು ಒಪ್ಪಿಕೊಂಡಿತು. ಆ ದಿನ ಶ್ಲೋನ್‌ಜಾಕ್‌ನ ಡೆಕ್ ಮೇಲೆ ನಿಂತ ಒಬ್ಬ ನಾವಿಕನನ್ನು ಕಲ್ಪಿಸಿಕೊಳ್ಳಿ. ನಿನ್ನೆವರೆಗೆ ಅವನು ಪ್ರಮಾಣ ಮಾಡಿದ ಸರ್ಕಾರ ಇತ್ತು. ಇವತ್ತು ಅವನ ಹಡಗಿನ ಮಾಲೀಕರ ಲೆಕ್ಕದಲ್ಲಿ ಆ ಸರ್ಕಾರ ಇಲ್ಲ. ಯುದ್ಧದಲ್ಲಿ ಅವನ ಕಡೆ ಗೆದ್ದಿತ್ತು ಬೇರೆ. 1946ರ ಜೂನ್ 8ರಂದು ಲಂಡನ್ನಿನಲ್ಲಿ ನಡೆದ ದೊಡ್ಡ ವಿಜಯೋತ್ಸವದ ಮೆರವಣಿಗೆಯಲ್ಲಿ ಬ್ರಿಟನ್ನಿನ ಜೊತೆ ಹೋರಾಡಿದ ಈ ಪೋಲಿಷ್ ಪಡೆಗಳು ಹೆಜ್ಜೆ ಹಾಕಲಿಲ್ಲ. ಅದೇ ವರ್ಷ ಶ್ಲೋನ್‌ಜಾಕ್‌ನಿಂದ ಬಿಳಿ-ಕೆಂಪು ಧ್ವಜ ಇಳಿಸಿದರು. ಹಡಗು ಬ್ರಿಟಿಷ್ ನೌಕಾಪಡೆಗೆ ವಾಪಸ್ ಹೋಯಿತು. ಬೀಡೇಲ್ ಅನ್ನೋ ಹೆಸರು ಕೊನೆಗೂ ಅಂಟಿಕೊಂಡಿತು, ಅದೂ ಕೆಲಸವಿಲ್ಲದೆ ಮೀಸಲಿನಲ್ಲಿ ಕಟ್ಟಿಹಾಕಿದಾಗ.

ನಾವಿಕರಲ್ಲಿ ಕೆಲವರು ಪೋಲೆಂಡಿಗೆ ಮರಳಿದರು. ತುಂಬಾ ಜನ ಮರಳಲಿಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಂತ ಚದುರಿಹೋದರು. ಇವರಂಥವರಿಗಾಗಿ ಬ್ರಿಟನ್ 1947ರಲ್ಲಿ ಪುನರ್ವಸತಿ ಕಾಯ್ದೆಯನ್ನೇ ಮಾಡಬೇಕಾಯ್ತು. ಮರಳಲು ಹೆದರಿದ್ದಕ್ಕೆ ಕಾರಣ ಇತ್ತು. 1952ರ ಡಿಸೆಂಬರ್‌ನಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಮೂವರು ನೌಕಾಧಿಕಾರಿಗಳನ್ನು ಸುಳ್ಳು ಬೇಹುಗಾರಿಕೆ ಕೇಸಿನಲ್ಲಿ ಗುಂಡಿಟ್ಟು ಕೊಂದಿತು. ಮೂವರೂ 1939ರಲ್ಲಿ ಜರ್ಮನರ ವಿರುದ್ಧ ತಾಯ್ನೆಲದ ಕರಾವಳಿ ಕಾದವರು. ಆಗ ಅವರೆಲ್ಲರ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಯೂಜೆಫ್ ಉನ್ರೂಗ್ ಯುದ್ಧಕೈದಿಯಾಗಿದ್ದು ಬಿಡುಗಡೆಯಾದ ಮೇಲೆ ದೇಶಕ್ಕೆ ಹೋಗಲಿಲ್ಲ, 1973ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಕೊಲೆಯಾದ ನನ್ನ ಅಧಿಕಾರಿಗಳ ದೇಹಗಳನ್ನು ಹುಡುಕಿ ಗೌರವದಿಂದ ಹೂಳುವವರೆಗೆ ನನ್ನ ಮೂಳೆಗಳೂ ಪೋಲೆಂಡಿಗೆ ಹೋಗಬಾರದು ಅನ್ನೋದು ಅವರ ಇಚ್ಛೆಯಾಗಿತ್ತು. ಅವರನ್ನು ಗ್ಡಿನಿಯಾದಲ್ಲಿ ಮಣ್ಣು ಮಾಡಿದ್ದು 2018ರಲ್ಲಿ.

ಈ ಪೋಲಿಷರ ಅಲೆಮಾರಿತನ ನಮ್ಮ ಬಾಗಿಲವರೆಗೂ ಬಂದಿತ್ತು ಅಂದ್ರೆ ಆಶ್ಚರ್ಯ ಆಗಬಹುದು. ಬೆಳಗಾವಿಯಿಂದ ಮೇಲಕ್ಕೆ ಹೋದರೆ ಸಿಗುತ್ತಲ್ಲ ಕೊಲ್ಹಾಪುರ, ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ ಸುಮಾರು 5,000 ಪೋಲಿಷ್ ನಿರಾಶ್ರಿತರ ಶಿಬಿರ ಇತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನಿಂದ ಸೈಬೀರಿಯಾ ಕಡೆ ಸಾಗಿಸಿದ್ದ ಕುಟುಂಬಗಳವು. ಯುದ್ಧ ಮುಗಿದಾಗ ಅವರಲ್ಲೂ ಬಹಳಷ್ಟು ಜನರ ಊರು ಬೇರೆ ದೇಶಕ್ಕೆ ಸೇರಿಹೋಗಿತ್ತು.

ಇಲ್ಲಿಂದ ನಾವು 1947ರ ಭಾರತಕ್ಕೆ ಬರಬೇಕು, ಯಾಕಂದ್ರೆ ಹಡಗು ಇಲ್ಲಿಗೇ ಬರುತ್ತೆ.

ದೇಶ ವಿಭಜನೆ ಆದಾಗ ನೌಕಾಪಡೆಯ ಹಡಗುಗಳನ್ನೂ ಆಸ್ತಿ ಪಾಲಿನ ಥರ ಹಂಚಿದರು. ಸ್ಲೂಪ್ ಅಂತ ಕರೆಯೋ ಬೆಂಗಾವಲು ಹಡಗುಗಳು ಆರು ಇದ್ದವು. ಸಟ್ಲೆಜ್, ಜಮುನಾ, ಕಿಸ್ತ್ನಾ, ಕಾವೇರಿ ನಮಗೆ ಬಂದವು. ನರ್ಬದಾ ಮತ್ತು ಗೋದಾವರಿ ಪಾಕಿಸ್ತಾನಕ್ಕೆ ಹೋದವು. ಹೌದು, ಗೋದಾವರಿ! ಅಲ್ಲಿ ಅದಕ್ಕೆ ಸಿಂಧ್ ಅಂತ ಹೊಸ ಹೆಸರಿಟ್ಟರು. ನಮ್ಮಲ್ಲಿ ಗೋದಾವರಿ ಅನ್ನೋ ಹೆಸರು ಖಾಲಿ ಉಳೀತು.

ಹೊಸ ನೌಕಾಪಡೆಗೆ ಹಡಗು ಬೇಕು, ದೇಶದಲ್ಲಿ ಯುದ್ಧನೌಕೆ ಕಟ್ಟೋ ಸಾಮರ್ಥ್ಯ ಇಲ್ಲ, ದುಡ್ಡೂ ಇಲ್ಲ. ಬ್ರಿಟನ್ನಿನಲ್ಲಿ ಯುದ್ಧ ಮುಗಿದು ಹಡಗುಗಳು ತುಕ್ಕು ಹಿಡೀತಾ ನಿಂತಿವೆ. ಮೊದಲು ಅಕಿಲೀಸ್ ಅನ್ನೋ ಕ್ರೂಸರ್ ಕೊಂಡು ಡೆಲ್ಲಿ ಅಂತ ಹೆಸರಿಟ್ಟರು. ಮುಂದೆ ನೈಜೀರಿಯಾ ಅನ್ನೋ ಕ್ರೂಸರ್ ಕೊಂಡರು, ಅದು 1957ರಲ್ಲಿ ಐಎನ್‌ಎಸ್ ಮೈಸೂರ್ ಆಗಿ, ಲಾಂಛನದಲ್ಲಿ ನಮ್ಮ ಗಂಡಭೇರುಂಡ ಹೊತ್ತುಕೊಂಡು ಸೇವೆಗೆ ಬಂತು. ಈ ಎರಡರ ನಡುವೆ ಮೂರು ಹಂಟ್‌ಗಳನ್ನು ಸಾಲವಾಗಿ ತಂದರು. ಚಿಡಿಂಗ್‌ಫೋಲ್ಡ್ ಗಂಗಾ ಆಯ್ತು. ಲಾಮರ್ಟನ್ ಗೋಮತಿ ಆಯ್ತು. ಬೀಡೇಲ್ 1953ರಲ್ಲಿ ಗೋದಾವರಿ ಆಯ್ತು.

ಒಪ್ಪಂದ ಮೂರು ವರ್ಷಕ್ಕೆ. 1956ರಲ್ಲಿ ಅವಧಿ ವಿಸ್ತರಿಸಿದಾಗ ಒಂದು ಷರತ್ತು ಇತ್ತು: ತುರ್ತು ಪರಿಸ್ಥಿತಿ ಬಂದು ಬ್ರಿಟನ್ ಕೇಳಿದರೆ ಹಡಗು ವಾಪಸ್ ಕೊಡಬೇಕು. ಆ ವರ್ಷವೇ ಸೂಯೆಜ್ ಬಿಕ್ಕಟ್ಟು. ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ದಾಳಿ ಮಾಡಿದವು, ನೆಹರೂ ಸರ್ಕಾರ ಅದನ್ನು ಕಟುವಾಗಿ ಖಂಡಿಸಿತು. ಯಾರನ್ನು ಖಂಡಿಸ್ತಿದ್ದೇವೋ ಅವರದೇ ಹಡಗು ನಮ್ಮ ಬಂದರಿನಲ್ಲಿ, ಕೇಳಿದರೆ ಕೊಡಬೇಕಾದ ಸಾಲವಾಗಿ ನಿಂತಿದೆ. ಬ್ರಿಟನ್ ಕೇಳಲಿಲ್ಲ. ಆದರೂ ಷರತ್ತು ಷರತ್ತೇ.

ಸಾಲ ಹಡಗಿನದು ಮಾತ್ರ ಅಂತ ತಿಳ್ಕೋಬೇಡಿ. ಗೋದಾವರಿ ಬಂದಾಗ ಭಾರತೀಯ ನೌಕಾಪಡೆಯ ಮುಖ್ಯಸ್ಥರು ಮಾರ್ಕ್ ಪಿಝೀ ಅನ್ನೋ ಬ್ರಿಟಿಷ್ ಅಡ್ಮಿರಲ್. ಅವರ ನಂತರ ಬಂದ ಕಾರ್ಲಿಲ್ ಕೂಡ ಬ್ರಿಟಿಷ್. ಭಾರತೀಯರೊಬ್ಬರು, ರಾಮದಾಸ್ ಕಟಾರಿ, ಆ ಕುರ್ಚಿಯಲ್ಲಿ ಕೂತಿದ್ದು 1958ರ ಏಪ್ರಿಲ್‌ನಲ್ಲಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಹಡಗಿನ ಹಿಂದೆ ಹಾರ್ತಿದ್ದ ನೌಕಾ ಧ್ವಜದಲ್ಲೂ ಬ್ರಿಟಿಷರ ಕೆಂಪು ಶಿಲುಬೆ ಇತ್ತು, ಮೂಲೆಯಲ್ಲಿ ನಮ್ಮ ತ್ರಿವರ್ಣ. ಆ ಶಿಲುಬೆ ಒಮ್ಮೆ ಹೋಗಿ, ಮತ್ತೆ ಬಂದು, ಕೊನೆಗೆ ಪೂರ್ತಿ ಹೋಗಿದ್ದು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ. ಆ ಕಾರ್ಯಕ್ರಮದ ವಿಡಿಯೋ ನಿಮ್ಮಲ್ಲಿ ಹಲವರು ಫೋನಿನಲ್ಲೇ ನೋಡಿರ್ತೀರಿ.

ಪೋಲೆಂಡಿನ ಸಾಲಕ್ಕೂ ನಮ್ಮ ಸಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪೋಲಿಷರಿಗೆ ಹಡಗು ಸಿಕ್ಕಿದ್ದು ನೆಲ ಇಲ್ಲದಿದ್ದಾಗ. ನಮಗೆ ನೆಲ ಇತ್ತು, ಹಡಗು ಇರಲಿಲ್ಲ. ನೆಲ ಇದ್ದವರು ಸಾಲವನ್ನು ಕೊಳ್ಳಬಹುದು. ಆ ದಶಕ ಮುಗಿಯೋ ಮೊದಲೇ ಭಾರತ ಮೂರೂ ಹಂಟ್‌ಗಳನ್ನು ದುಡ್ಡು ಕೊಟ್ಟು ತನ್ನದಾಗಿಸಿಕೊಂಡಿತು. ವಾಪಸ್ ಕೊಡೋ ಮಾತು ಅಲ್ಲಿಗೆ ಮುಗೀತು. ನೀರಿಗಿಳಿದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ, ಹಡಗು ಮೊದಲ ಸಲ ತಾನು ಹಾರಿಸೋ ಧ್ವಜದ ದೇಶಕ್ಕೇ ಸೇರಿದ ಆಸ್ತಿಯಾಗಿ ಕೆಲಸ ಮಾಡಿತು.

ಡಿಯೆಪ್‌ನಲ್ಲಿ ಗುಂಡು ಹಾರಿಸಿದ ಆ ಡೆಕ್ ಮೇಲೆ ಎಪ್ಪತ್ತರ ದಶಕದವರೆಗೂ ನಮ್ಮ ನಾವಿಕರು ಓಡಾಡಿದರು. 1976ರಲ್ಲಿ ಮಾಲ್ಡೀವ್ಸ್ ಬಳಿ ಗೋದಾವರಿ ನೆಲಕ್ಕೆ ತಾಗಿ ಕೂತಿತು. ಅಷ್ಟು ಹಳೇ ಹಡಗನ್ನು ರಿಪೇರಿ ಮಾಡೋದಕ್ಕಿಂತ ಗುಜರಿಗೆ ಹಾಕೋದೇ ವಾಸಿ. 1979ರ ಹೊತ್ತಿಗೆ ಅದನ್ನು ಒಡೆದು ಹಾಕಿದರು.

ಹೆಸರುಗಳು ಮಾತ್ರ ಒಡೆದು ಹೋಗಲಿಲ್ಲ. 1983ರ ಡಿಸೆಂಬರ್‌ನಲ್ಲಿ ಹೊಸ ಐಎನ್‌ಎಸ್ ಗೋದಾವರಿ ಬಂತು. ಇದು ಬ್ರಿಟನ್ನಿನಿಂದ ಬಂದಿದ್ದಲ್ಲ, ಮುಂಬೈನ ಮಝಗಾಂವ್ ಡಾಕ್‌ನಲ್ಲಿ ನಾವೇ ವಿನ್ಯಾಸ ಮಾಡಿ ಕಟ್ಟಿದ್ದು. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಸೈನಿಕರು ಸರ್ಕಾರ ಉರುಳಿಸೋಕೆ ಹೋಗಿ, ಸೋತು, ಪ್ರೋಗ್ರೆಸ್ ಲೈಟ್ ಅನ್ನೋ ಸರಕು ಹಡಗಿನಲ್ಲಿ ಒತ್ತೆಯಾಳುಗಳ ಸಮೇತ ಓಡಿಹೋದರಲ್ಲ, ಅವರನ್ನು ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದಿದ್ದು ಈ ಗೋದಾವರಿಯೇ. ಹಳೇ ಗೋದಾವರಿ ತಳ ತಾಗಿಸಿಕೊಂಡ ಮಾಲ್ಡೀವ್ಸ್ ಕಡೆಯಲ್ಲೇ. ಅದು 2015ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯ್ತು.

ಇನ್ನು ಪೋಲೆಂಡ್. ಗ್ಡಿನಿಯಾ ಬಂದರಿಗೆ ಹೋದರೆ ಬ್ವಿಸ್ಕಾವಿತ್ಸಾ ಇವತ್ತಿಗೂ ಸಿಗುತ್ತೆ, 1939ರಲ್ಲಿ ತಪ್ಪಿಸಿಕೊಂಡ ಮೂರರಲ್ಲಿ ಒಂದು. ಅದು ಸಾಲದ್ದಲ್ಲ, ಅವರದೇ ಹಡಗು. ಹಾಗಾಗಿ 1947ರಲ್ಲಿ ಮನೆಗೆ ಹೋಗೋಕಾಯ್ತು. ಈಗ ಮ್ಯೂಸಿಯಂ. 2001ರ ನವೆಂಬರ್‌ನಲ್ಲಿ ಅದೇ ಊರಿನಲ್ಲಿ ಒಂದು ಹೊಸ ಯುದ್ಧನೌಕೆಯ ಕೆಲಸ ಶುರುವಾಯ್ತು. ದುಡ್ಡಿಲ್ಲ, ಯೋಜನೆ ಬದಲು, ಮತ್ತೆ ದುಡ್ಡಿಲ್ಲ ಅಂತ ಎಳೆದಾಡಿ, ಸರಿಯಾಗಿ ಹದಿನೆಂಟು ವರ್ಷ ಆದ ಮೇಲೆ, 2019ರ ನವೆಂಬರ್ 28ರಂದು ಸೇವೆಗೆ ಸೇರಿತು. ಗಸ್ತು ಹಡಗು. ಪೋಲೆಂಡಿನಲ್ಲೇ ಕಟ್ಟಿದ್ದು. ಪಕ್ಕೆ ಮೇಲಿರೋ ಹೆಸರು ಶ್ಲೋನ್‌ಜಾಕ್.